ದೇವರಿಗೆ ಹೇಳಿದ ವಿಳಾಸ

ಬೊಕ್‌ಹಿ ದೇವರ ಹತ್ತಿರ ಮಾತಾಡುವಾಗ ವಿಳಾಸವನ್ನು ಎಂದೂ ಬಿಡುತ್ತಿರಲಿಲ್ಲ. ತಾಯ್ನಾಡಿನ ಸುವೊನ್‌ನಲ್ಲಿ ಅವಳ ತಮ್ಮನಿಗೆ ಹೊಟ್ಟೆಯ ಆಪರೇಷನ್ ಆದಾಗ ಆಸ್ಪತ್ರೆಯ ಹೆಸರು, ಯಾವ ಮಹಡಿ, ಹಾಸಿಗೆ ಕಿಟಕಿ ಪಕ್ಕದ್ದೋ ಬಾಗಿಲ ಪಕ್ಕದ್ದೋ ಎಲ್ಲವನ್ನೂ ಸೇರಿಸಿಯೇ ಬೇಡಿಕೊಂಡಿದ್ದಳು. "ನಿನ್ನ ದೇವ್ರೇನು ಪೋಸ್ಟ್‌ಮನ್ನಾ?" ಎಂದು ಗಂಡ ಪಿಲ್‌ಡೊ ಗೇಲಿ ಮಾಡಿದರೆ, "ಇಷ್ಟು ದೊಡ್ಡ ಪ್ರಪಂಚ ರೀ, ಹುಡುಕೋಕೆ ಅವನಿಗೂ ಕಷ್ಟ ಆಗ್ಬಾರ್ದಲ್ಲ" ಎನ್ನುತ್ತಿದ್ದಳು.

ಅಮೆರಿಕದ ಕ್ವೀನ್ಸ್‌ನ ನಮ್ಮ ಕೊರಿಯನ್ನರ ಚರ್ಚಿನಲ್ಲಿ ಅವಳ ಈ ಅಭ್ಯಾಸ ಎಲ್ಲರಿಗೂ ಗೊತ್ತಿತ್ತು. ಅದರಿಂದ ಯಾರಿಗೂ ತೊಂದರೆ ಇರಲಿಲ್ಲ. ಶುಕ್ರವಾರ ಸಂಜೆ ನಾವು ಪ್ರಾರ್ಥಿಸುವ ರೀತಿಯೇ ಹಾಗೆ. ದೀಪ ತಗ್ಗಿಸುತ್ತಾರೆ, ಪಿಯಾನೊ ಜೋರಾಗುತ್ತದೆ, ಪಾಸ್ಟರು ಎಲ್ಲರಿಂದಲೂ "ಕರ್ತನೇ!" ಎಂದು ಮೂರು ಸಲ ಕೂಗಿಸುತ್ತಾರೆ. ಆಮೇಲೆ ಇಡೀ ಸಭೆ ಒಟ್ಟಿಗೇ ಬಾಯಿ ತೆರೆದು, ಒಬ್ಬೊಬ್ಬರೂ ತಂತಮ್ಮ ಸಂಕಟವನ್ನು ಗಂಟಲು ಹರಿಯುವಂತೆ ಹೇಳಿಕೊಳ್ಳುತ್ತಾರೆ. ಗಂಡನ ಜೂಜು, ಮಗನ ನಶೆ, ಸೊಸೆಯ ಸೊಕ್ಕು, ತಮ್ಮದೇ ಮೂಲವ್ಯಾಧಿ. ಎಲ್ಲರೂ ಕೂಗುವುದರಿಂದ ಯಾರದ್ದೂ ಯಾರಿಗೂ ಕೇಳುವುದಿಲ್ಲ. ಕ್ಷೌರದಂಗಡಿಯಲ್ಲಿ ಆಡಿದ ಮಾತು ಸಂಜೆಯೊಳಗೆ ಮೀನಂಗಡಿ ತಲುಪುವ ನಮ್ಮ ಬೀದಿಯಲ್ಲಿ ಗುಟ್ಟನ್ನು ಬಾಯಿಬಿಟ್ಟು ಹೇಳಬಹುದಾದ ಜಾಗ ಅದೊಂದೇ ಇತ್ತು.

ಬೊಕ್‌ಹಿಯ ಮಗಳು ಹೇರಾನ್ ತವರಿಗೆ ಬಂದದ್ದು ಅಕ್ಟೋಬರಿನಲ್ಲಿ, ಸಂಜೆ ಊಟದ ಹೊತ್ತಿಗೆ. ಜೊತೆಗೆ ಎಂಟು ವರ್ಷದ ಮಗಳು ನಾರೆ. ಬೊಕ್‌ಹಿ ಡ್ರೈಕ್ಲೀನಿಂಗ್ ಅಂಗಡಿಯಲ್ಲಿ ದಿನವಿಡೀ ಪ್ಯಾಂಟಿನ ಅಂಚು ಹೊಲಿದು ಆಗಷ್ಟೇ ಬಂದು, ಸೋಯಾ ಹುದುಗಿನ ಸಾರು ಕುದಿಯಲು ಇಟ್ಟಿದ್ದಳು.

"ಕೈ ತೊಳ್ಕೊಂಡು ಬನ್ನಿ ಇಬ್ರೂ" ಎಂದಳು.

ಹೇರಾನ್ ಒಂದೇ ಕೈ ತೊಳೆದುಕೊಂಡಳು. ಇನ್ನೊಂದು ಜಾಕೆಟಿನ ಜೇಬಿನಲ್ಲೇ ಇತ್ತು.

ಪಿಲ್‌ಡೊ ಚಮಚ ಕೈಗೆತ್ತಿಕೊಂಡು ಕೇಳಿದ. "ಅಳಿಯಂದ್ರು?"

"ಮನೇಲಿದಾನೆ ಅಪ್ಪ."

"ಊಟಕ್ಕೇನು ಮಾಡ್ಕೋತಾನೆ?"

"ಗೊತ್ತಿಲ್ಲ."

"ಗೊತ್ತಿಲ್ಲ ಅಂದ್ರೆ? ಗಂಡಸನ್ನ ಉಪವಾಸ ಕೆಡವಿ ನೀನಿಲ್ಲಿ ಬಂದು ಊಟಕ್ಕೆ ಕೂತ್ಯಾ?"

ನಾರೆ ಅನ್ನದ ಬಟ್ಟಲಿನಿಂದ ತಲೆ ಎತ್ತಲಿಲ್ಲ. "ಅಪ್ಪ ಅಮ್ಮನ ಕೈನ ಬಾಗಿಲ ಸಂದಿಗೆ ಹಾಕಿ ಬಾಗಿಲು ಮುಚ್ಚಿದ್ರು ತಾತ" ಎಂದಳು.

 ಬೊಕ್‌ಹಿ ಎದ್ದು ಮಗಳ ತೋಳು ಹಿಡಿದು ಕೈಯನ್ನು ಜೇಬಿನಿಂದ ಮೆಲ್ಲಗೆ ಹೊರತೆಗೆದಳು. ಎರಡು ಬೆರಳು ಕಪ್ಪಾಗಿ ಊದಿದ್ದವು.

"ಬೇಕೂಂತ ಮಾಡಿರಲ್ಲ ಬಿಡು" ಎಂದ ಪಿಲ್‌ಡೊ.

"ಎರಡು ಸಲ ಮುಚ್ಚಿದ ಅಪ್ಪ."

ಆ ರಾತ್ರಿ ತಾಯಿ ಮಗಳು ಮೊಮ್ಮಗಳು ಒಂದೇ ಕೋಣೆಯಲ್ಲಿ ನೆಲದ ಮೇಲೆ ಮಲಗಿದರು. ಮೂರನೆಯ ದಿನಕ್ಕೆ ಅಳಿಯ ಟೇಗೊನ್ ಬಂದ. ಮನೆಗಳಿಗೆ ಮರದ ನೆಲಹಾಸು ಹಾಕುವ ಕೆಲಸ ಅವನದು. ಚರ್ಚಿನ ಗಾಯನ ತಂಡದಲ್ಲಿ ಅವನ ದನಿಗೆ ಕಣ್ಣೀರು ಹಾಕುವ ಹೆಂಗಸರಿದ್ದರು. ಜೊತೆಗೆ ಅವನ ತಾಯಿ ಚುಂಜಾ, ಕೈಯಲ್ಲಿ ದೊಡ್ಡ ದೊಡ್ಡ ಪೇರ್ ಹಣ್ಣಿನ ಪೆಟ್ಟಿಗೆ. ಭಾನುವಾರದ ಸಭೆ ಮುಗಿದ ಮೇಲೆ ಇಡೀ ಚರ್ಚಿಗೆ ಊಟ ಬಡಿಸುವ ಅಡುಗೆಮನೆಯ ಯಜಮಾನಿ ಈ ಚುಂಜಾ. ಅವಳ ಮಾತು ಮೀರಿ ಅಲ್ಲಿ ಯಾರೂ ಒಂದು ಈರುಳ್ಳಿಯನ್ನೂ ಸುಲಿಯುತ್ತಿರಲಿಲ್ಲ.

ಟೇಗೊನ್ ಹೊಸ್ತಿಲಲ್ಲೇ ಬೂಟು ಬಿಚ್ಚಿ ಮಾವನ ಮುಂದೆ ಮಂಡಿಯೂರಿದ. ತಲೆಯನ್ನು ನೆಲಕ್ಕೆ ತಾಗಿಸಿದ. ಬಿಕ್ಕಿ ಬಿಕ್ಕಿ ಅತ್ತ.

"ಕೊಂದ್ಬಿಡಿ ಮಾವ ನನ್ನ. ಸಾಯೋ ಅಂಥ ತಪ್ಪು ಮಾಡಿದೀನಿ."

ಪಿಲ್‌ಡೊ ಬಾಗಿಲ ಹಿಂದೆ ಕೋಲು ಇಟ್ಟುಕೊಂಡೇ ಕಾಯುತ್ತಿದ್ದ. ಅಳುವ ಗಂಡಸನ್ನು ನೋಡಿ ಕೋಲಿನ ನೆನಪೇ ಹೋಯಿತು. "ಏಳಪ್ಪ, ಏಳು" ಎಂದ. ಗಂಟೆಯೊಳಗೆ ಇಬ್ಬರ ನಡುವೆ ಸೋಜು ಹೆಂಡದ ಬಾಟಲಿ, ಒಣ ಮೀನು ಬಂದು ಕೂತವು. ಅಡುಗೆಮನೆಯಲ್ಲಿ ಚುಂಜಾ ಪೇರ್ ಹಣ್ಣಿನ ಸಿಪ್ಪೆಯನ್ನು ಕಡಿಯದ ಹಾಗೆ ಒಂದೇ ಎಳೆಯಲ್ಲಿ ತೆಗೆಯುತ್ತಿದ್ದಳು.

"ಬೀಗರೆ, ನಮ್ಮನೆಯವ್ರು ನನ್ನ ಮೇಲೆ ಊಟದ ಮೇಜನ್ನೇ ಎಸೀತಿದ್ರು" ಎಂದಳು. "ಮೇಜು ಎತ್ತಿಟ್ಟು, ಚೆಲ್ಲಿದ್ದು ಒರೆಸಿ, ಮತ್ತೆ ಅಡುಗೆ ಮಾಡ್ತಿದ್ದೆ. ಈಗಿನ ಹುಡುಗೀರಿಗೆ ಒರೆಸೋ ತಾಳ್ಮೆ ಇಲ್ಲ."

"ಮೇಜು ಬೇರೆ, ಬೆರಳು ಬೇರೆ ಬೀಗರೆ."

"ಅದಕ್ಕೇ ಬಂದು ಕಾಲಿಗೆ ಬಿದ್ದಿದಾನಲ್ಲ. ಇನ್ನೇನು ಬೇಕು ನಿಮ್ಮ ಮಗಳಿಗೆ?"

ಹೇರಾನ್‌ಗೆ ಏನು ಬೇಕು ಎಂದು ಯಾರೂ ಕೇಳಲಿಲ್ಲ. ಅವಳು ಗಂಡನ ವ್ಯಾನು ಹತ್ತಿದಳು. ಹೋದ ಮೇಲೆ ಬೊಕ್‌ಹಿ ಗಂಡನ ಮೇಲೆ ಹರಿಹಾಯ್ದಳು.

"ಬಾಟ್ಲಿ ತೆಗೆಯೋಕೆ ನಾಚಿಕೆ ಆಗ್ಲಿಲ್ವಾ ನಿಮ್ಗೆ?"

"ಮಂಡಿಯೂರಿದ ಗಂಡಸಿಗೆ ಇನ್ನೇನು ಮಾಡ್ಬೇಕಿತ್ತು ನಾನು? ಒದೀಬೇಕಿತ್ತಾ?"

"ಹೂಂ, ಒದೀಬೇಕಿತ್ತು!"

ಆ ವಾರವೆಲ್ಲ ಅವಳು ಗಂಡನ ತಟ್ಟೆಯನ್ನು ಸದ್ದು ಬರುವ ಹಾಗೆ ಇಟ್ಟಳು. ಪೇರ್ ಹಣ್ಣನ್ನು ಮುಟ್ಟಲಿಲ್ಲ. ಹಣ್ಣು ಪೆಟ್ಟಿಗೆಯಲ್ಲೇ ಕೊಳೆಯಿತು.

ನವೆಂಬರಿನಲ್ಲಿ ಚಳಿಗಾಲದ ಕಿಮ್ಚಿ ಹಾಕಲು ಹೆಂಗಸರೆಲ್ಲ ಚರ್ಚಿನ ನೆಲಮಾಳಿಗೆಯಲ್ಲಿ ಸೇರಿದೆವು. ಉಪ್ಪಿನಲ್ಲಿ ನೆನೆದ ಎಲೆಕೋಸಿನ ರಾಶಿ, ಮೆಣಸಿನ ಪುಡಿಯ ಘಾಟು, ಎಲ್ಲರ ಕೈಗೂ ಮೊಣಕೈವರೆಗಿನ ಕೆಂಪು ರಬ್ಬರ್ ಗವಸು. ಹೇರಾನ್‌ಳ ಗವಸಿನೊಳಗೆ ಮಸಾಲೆ ನುಗ್ಗಿತೆಂದು ಅವಳು ಕಳಚಿದಾಗ, ಸೊಟ್ಟಗೆ ಕೂಡಿಕೊಂಡ ಬೆರಳುಗಳನ್ನೂ ಮಣಿಕಟ್ಟಿನ ಸುತ್ತ ಇದ್ದ ಹೊಸ ಹಸಿರು ಕಲೆಯನ್ನೂ ನಾವೆಲ್ಲ ನೋಡಿದೆವು. ನೋಡಿ ಏನು ಮಾಡಿದೆವು? ಈ ಸಲ ಉಪ್ಪು ಜಾಸ್ತಿಯಾಯಿತು ಎಂದು ಒಬ್ಬಳು ಹೇಳಿದಳು, ಇಲ್ಲ ಸರಿಯಾಗಿದೆ ಎಂದು ಇನ್ನೊಬ್ಬಳು. ಇಡೀ ಮಧ್ಯಾಹ್ನ ಉಪ್ಪಿನ ಮಾತೇ ಆಡಿದೆವು.

ಅದೇ ವಾರದ ಭಾನುವಾರ ಗಯೊನ್ ಎಂಬ ಹುಡುಗಿ ಪಾಸ್ಟರನ್ನು ನೋಡಲು ಬಂದಿದ್ದಳು. ಹೊಡೆತ ತಿನ್ನುವ ನಮ್ಮ ಹೆಂಗಸರಿಗೆ ನಮ್ಮ ಭಾಷೆಯಲ್ಲೇ ಸಹಾಯ ಮಾಡುವ ಕೇಂದ್ರದವಳು. ಸಹಾಯದ ಫೋನ್ ನಂಬರಿನ ಸಣ್ಣ ಚೀಟಿಗಳನ್ನು ಹೆಂಗಸರ ಶೌಚಾಲಯದ ಬಾಗಿಲಿಗೆ ಅಂಟಿಸಲು ಅನುಮತಿ ಕೇಳಿದಳು.

"ಹೊಸಬರು ಬರ್ತಾರೆ ತಂಗಿ. ಬಂದ ತಕ್ಷಣ ಅದೇ ಕಣ್ಣಿಗೆ ಬಿದ್ರೆ ನಮ್ಮ ಸಭೆ ಬಗ್ಗೆ ಏನಂದ್ಕೋತಾರೆ?" ಎಂದರು ಪಾಸ್ಟರು.

"ಹಳಬರೂ ಅಲ್ಲಿಗೇ ಹೋಗ್ತಾರಲ್ಲ ಪಾಸ್ಟರ್. ಗಂಡ ಹಿಂದೆ ಬರದೇ ಇರೋ ಜಾಗ ಅದೊಂದೇ."

ಕೊನೆಗೆ ಒಂದೇ ಒಂದು ವಾರ ಎಂದು ಒಪ್ಪಿದರು. ಚುಂಜಾ ಮಧ್ಯಾಹ್ನದೊಳಗೆ ಚೀಟಿಗಳನ್ನು ಉಗುರಿನಲ್ಲಿ ಕೆರೆದು ತೆಗೆದಳು. ಅಷ್ಟರಲ್ಲಿ ಒಂದು ಚೀಟಿ ಹೇರಾನ್‌ಳ ಶೂವಿನೊಳಗೆ ಸೇರಿಕೊಂಡಿತ್ತು.

ಡಿಸೆಂಬರಿನ ಮೊದಲಲ್ಲಿ ಟೇಗೊನ್ ಅವಳ ದವಡೆ ಮುರಿದ. ಕಾರಣ, ಮೀನು ತಣ್ಣಗಾಗಿತ್ತು. ಆಸ್ಪತ್ರೆಯಲ್ಲಿ ಹಲ್ಲುಗಳಿಗೆ ತಂತಿ ಬಿಗಿದರು. ಅಲ್ಲಿಂದ ಗಯೊನ್ ತಾಯಿ ಮಗಳಿಬ್ಬರನ್ನೂ ಹೆಂಗಸರ ಆಶ್ರಯದ ಮನೆಯೊಂದಕ್ಕೆ ಕರೆದೊಯ್ದಳು. ಆ ಮನೆಯ ನಿಯಮ ಒಂದೇ: ಎಲ್ಲಿದೆ ಎಂದು ಯಾರಿಗೂ ಹೇಳಬಾರದು, ಹೆತ್ತವರಿಗೂ ಸಹ.

"ನಾನು ಅವಳ ಅಮ್ಮ" ಎಂದಳು ಬೊಕ್‌ಹಿ, ಕೇಂದ್ರದ ಬಾಗಿಲಲ್ಲಿ ಕಿಮ್ಚಿಯ ಡಬ್ಬಿ ಹಿಡಿದುಕೊಂಡು.

"ಗೊತ್ತಮ್ಮ. ಅದಕ್ಕೇ ಹೇಳ್ತಿರೋದು. ಎಲ್ರೂ ಮೊದ್ಲು ಅಮ್ಮನ್ನೇ ಕೇಳೋದು. ಅವ್ನು ಹತ್ತಿರ ಬರ್ಬಾರ್ದು ಅಂತ ಕೋರ್ಟಿನಿಂದ ಆದೇಶ ಬರೋವರ್ಗೂ ನೀವು ತಾಳ್ಕೋಬೇಕು."

"ದವಡೆಗೆ ತಂತಿ ಹಾಕಿದಾರೆ. ಗಂಜಿ ಯಾರು ಮಾಡಿಕೊಡ್ತಾರೆ ಅವಳಿಗೆ?"

"ಅವ್ರೇ ಮಾಡ್ಕೋತಾರೆ. ಕಿಮ್ಚಿ ಕೊಡಿ, ತಲುಪಿಸ್ತೀನಿ. ಅಲ್ಲಿ ಫ್ರಿಜ್ ಒಂದೇ ಇದೆ, ವಾಸನೆಗೆ ಜಗಳ ಆಗತ್ತೆ, ಆದ್ರೂ ಕೊಡಿ."

ಕಿಮ್ಚಿ ಅಗಿಯಲಾಗದವಳಿಗೆ ಕಿಮ್ಚಿ ತಂದದ್ದು ಬೊಕ್‌ಹಿಗೆ ಹೊಳೆದದ್ದು ಬಸ್ಸಿನಲ್ಲಿ ಕೂತ ಮೇಲೆ. ಬಸ್ಸಿನಲ್ಲೇ ಅತ್ತಳು.

ಭಾನುವಾರಗಳಂದು ಗಯೊನ್‌ಳ ಫೋನಿನಿಂದ ಕರೆ ಬರುತ್ತಿತ್ತು. ಹೇರಾನ್‌ಗೆ ಹಲ್ಲು ಕಚ್ಚಿಕೊಂಡೇ ಮಾತಾಡಬೇಕಿದ್ದರಿಂದ ನಾರೆಯೇ ಹೆಚ್ಚು ಮಾತಾಡುತ್ತಿದ್ದಳು. ಒಂದು ಸಲ ಅವಳು ದನಿ ತಗ್ಗಿಸಿ, "ಅಜ್ಜಿ, ಒಂದು ಗುಟ್ಟು ಹೇಳ್ಲಾ? ನಮ್ಮ ಕಿಟಕೀಲಿ ದೊಡ್ಡ ಡೋನಟ್ ಬೋರ್ಡ್ ಕಾಣ್ಸತ್ತೆ. ಗುಲಾಬಿ ಬಣ್ಣದ್ದು. ನಾವು ಮೂರನೇ ಮಹಡಿ. ರೈಲು ನದಿ ಪಕ್ಕಾನೇ ಹೋಗತ್ತೆ" ಎಂದಳು. ಸ್ಟೇಷನ್ನಿನ ಹೆಸರನ್ನೂ ಹೇಳಿದಳು. ಅದನ್ನು ನಾನಿಲ್ಲಿ ಬರೆಯುವುದಿಲ್ಲ. ಆ ಮನೆಯಲ್ಲಿ ಇನ್ನೂ ಹೆಂಗಸರಿದ್ದಾರೆ.

ಫೋನು ಹೇರಾನ್‌ಳ ಕೈಗೆ ಹೋಯಿತು. "ಅಮ್ಮ. ಕೇಳಿಸ್ಕೊಂಡ್ಯಾ?"

"ಇಲ್ಲ ಕಣೆ. ಏನೂ ಕೇಳಿಸ್ಲಿಲ್ಲ."

ಅಂದಿನಿಂದ ಬೊಕ್‌ಹಿ ಬಾಯಿಗೆ ಹೊಲಿಗೆ ಹಾಕಿಕೊಂಡಳು. ಭಾನುವಾರದ ಊಟದ ಸಾಲಿನಲ್ಲಿ ಚುಂಜಾ ಅವಳ ಬಟ್ಟಲಿಗೆ ಮಾಂಸದ ತುಂಡುಗಳನ್ನು ಆರಿಸಿ ಹಾಕುತ್ತಾ, "ಮಗು ಎಲ್ಲಿದೆಯೋ ಏನೋ, ನಿಮಗಾದ್ರೂ ಗೊತ್ತಿದ್ರೆ ಸಾಕು" ಎನ್ನುತ್ತಿದ್ದಳು. "ನಂಗೂ ಗೊತ್ತಿಲ್ಲ ಬೀಗರೆ" ಎಂದು ಬೊಕ್‌ಹಿ ಮುಂದೆ ಸರಿಯುತ್ತಿದ್ದಳು. ಮನೆಯಲ್ಲಿ ಪಿಲ್‌ಡೊ ಸುತ್ತಿ ಬಳಸಿ ಕೇಳುತ್ತಿದ್ದ.

"ಟೇಗೊನ್ ಸಿಕ್ಕಿದ್ದ. ಊಟಾನೇ ಸೇರಲ್ವಂತೆ. ಒಣಗಿ ಹೋಗಿದಾನೆ."

"ತಣ್ಣಗಿನ ಮೀನು ತಿನ್ನಲಿ."

"ನಿನಗೆ ಗೊತ್ತು ಅವಳೆಲ್ಲಿದಾಳೆ ಅಂತ."

"ಗೊತ್ತಿದ್ರೂ ನಿಮಗೆ ಹೇಳಲ್ಲ. ಎರಡು ಲೋಟ ಒಳಗೆ ಹೋದ್ರೆ ನಿಮ್ಮ ಹೊಟ್ಟೇಲಿ ಏನು ನಿಲ್ಲತ್ತೆ?"

"ನಾನು ಅವಳಪ್ಪ ಕಣೇ."

"ಹೌದು. ಅವತ್ತು ಮಂಡಿಯೂರಿದ್ದು ಅವಳಾಗಿದ್ರೆ ಒಳ್ಳೇದಿತ್ತು, ಆಗ ಅಪ್ಪ ಆಗ್ತಿದ್ರಿ."

ಪಿಲ್‌ಡೊ ತಟ್ಟೆ ತಳ್ಳಿ ಎದ್ದುಹೋದ. ಅಂಗಡಿಯಲ್ಲಿ, ಬಸ್ಸಿನಲ್ಲಿ, ಮಾರುಕಟ್ಟೆಯಲ್ಲಿ ಎಲ್ಲೂ ಅವಳು ಆ ಡೋನಟ್ ಬೋರ್ಡನ್ನು ಬಾಯಿಗೆ ತರಲಿಲ್ಲ. ಅಷ್ಟು ಗಟ್ಟಿ ಹೆಂಗಸು.

ಜನವರಿಯ ಆ ಶುಕ್ರವಾರ ಹಿಮ ಬಿದ್ದು ಸಭೆಗೆ ಬಂದವರು ಕಡಿಮೆ. ಬೊಕ್‌ಹಿ ತನ್ನ ಯಾವತ್ತಿನ ಬೆಂಚಿನಲ್ಲಿ ಕೂತಿದ್ದಳು. ಚುಂಜಾ ಬಂದು ಪಕ್ಕದಲ್ಲಿ ಕೂತು ಅವಳ ಕೈ ಹಿಡಿದುಕೊಂಡಳು. ಅವಳ ಕಣ್ಣು ಅತ್ತು ಕೆಂಪಾಗಿತ್ತು, ಸುಳ್ಳಲ್ಲ.

"ನಾವಿಬ್ರೂ ಅಜ್ಜೀರೇ ಅಲ್ವಾ ಬೀಗರೆ. ಇವತ್ತು ಮಗೂಗೋಸ್ಕರ ಒಟ್ಟಿಗೆ ಬೇಡ್ಕೊಳ್ಳೋಣ."

ಬೊಕ್‌ಹಿ ಕೈ ಬಿಡಿಸಿಕೊಳ್ಳಲಿಲ್ಲ. ತಿಂಗಳಿಂದ ಯಾರೂ ಅವಳ ಕೈ ಹಿಡಿದಿರಲಿಲ್ಲ. ದೀಪ ತಗ್ಗಿತು. ಪಿಯಾನೊ ಜೋರಾಯಿತು. "ಕರ್ತನೇ! ಕರ್ತನೇ! ಕರ್ತನೇ!"

ಬಂದವರ ಬಾಯೆಲ್ಲ ಒಟ್ಟಿಗೆ ತೆರೆದವು. ಬೊಕ್‌ಹಿ ಕಣ್ಣು ಮುಚ್ಚಿ, ಮುಂದಕ್ಕೂ ಹಿಂದಕ್ಕೂ ತೂಗುತ್ತಾ, ಮೂವತ್ತು ವರ್ಷದಿಂದ ಬೇಡಿದ ಹಾಗೆಯೇ ಬೇಡಿದಳು. ತಂದೆಯೇ, ಆ ಸ್ಟೇಷನ್ನಿನಲ್ಲಿ ಇಳಿದು, ಗುಲಾಬಿ ಡೋನಟ್ ಬೋರ್ಡಿನ ಎದುರಿನ ಮನೆ, ಮೂರನೆಯ ಮಹಡಿ, ಬೀದಿ ಕಡೆಯ ಕಿಟಕಿ, ಅಲ್ಲಿದ್ದಾಳೆ ನನ್ನ ಮಗಳು. ಅವಳ ಗಂಟಲಲ್ಲಿ ಗಂಜಿ ಇಳಿಯುವ ಹಾಗೆ ಮಾಡು. ಮಗುವಿಗೆ ರಾತ್ರಿ ನಿದ್ದೆ ಕೊಡು. ತಪ್ಪಿ ಬೇರೆ ಮನೆಗೆ ಹೋಗಬೇಡ ತಂದೆಯೇ, ಮೂರನೆಯ ಮಹಡಿ.

ನಡುವೆ ಎಲ್ಲೋ ಪಕ್ಕದಿಂದ ದನಿ ಬರುತ್ತಿಲ್ಲವೆಂದು ಅವಳಿಗೆ ಅನ್ನಿಸಿತು. ಕಣ್ಣು ತೆರೆದಳು. ಚುಂಜಾ ಬಾಯಿ ಮುಚ್ಚಿಕೊಂಡು ತಲೆಯನ್ನು ಅವಳತ್ತ ವಾಲಿಸಿ ಕೂತಿದ್ದಳು. ಕಣ್ಣು ಕಣ್ಣು ಕೂಡಿದ ತಕ್ಷಣ ಚುಂಜಾ ರೆಪ್ಪೆ ಮುಚ್ಚಿ, ಎಲ್ಲರಿಗಿಂತ ಜೋರಾಗಿ "ಆಮೆನ್!" ಎಂದಳು.

ಶನಿವಾರ ಬೊಕ್‌ಹಿ ಗಯೊನ್‌ಗೆ ಫೋನ್ ಮಾಡಲೆಂದು ನಂಬರು ಒತ್ತಿ ಒತ್ತಿ ಇಟ್ಟಳು. ಏನೆಂದು ಹೇಳುವುದು? ಪ್ರಾರ್ಥನೆಯಲ್ಲಿ ಕೂಗಿಬಿಟ್ಟೆ ಎಂದೇ? ಅಷ್ಟು ಗದ್ದಲದಲ್ಲಿ ಕೇಳಿಸಿರಲಾರದು. ಕೇಳಿಸಿದ್ದರೂ, ದೇವರಿಗೆ ಹೇಳಿದ್ದನ್ನು ತೆಗೆದುಕೊಂಡು ಹೋಗಿ ಮನುಷ್ಯರಿಗೆ ಹೇಳುವವರು ನಮ್ಮಲ್ಲಿ ಇರಲಾರರು. ಹೀಗೆಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ಮೂಲಂಗಿ ಹೆಚ್ಚಿದಳು.

ಚುಂಜಾ ಕೆಟ್ಟವಳೆಂದು ಹೇಳಿಬಿಟ್ಟರೆ ನಮಗೆ ಸುಲಭ. ಅವಳು ತಿಂಗಳಿಂದ ಬೆಳಗಿನ ಜಾವ ಎದ್ದು ಚರ್ಚಿಗೆ ಬಂದು, ನನ್ನ ಮೊಮ್ಮಗಳು ಎಲ್ಲಿದ್ದಾಳೆ ತೋರಿಸು ತಂದೆಯೇ ಎಂದು ಬೇಡುತ್ತಿದ್ದಳು. ಈಗ ದೇವರು ತೋರಿಸಿದ್ದ. ಅವಳು ಹಾಗೆಂದೇ ನಂಬಿ ಮಗನಿಗೆ ಹೇಳಿದಳು.

ಸೋಮವಾರ ಬೆಳಿಗ್ಗೆ ನೆಲಹಾಸಿನ ವ್ಯಾನು ಡೋನಟ್ ಅಂಗಡಿಯ ಮುಂದೆ ನಿಂತಿತ್ತು. ಟೇಗೊನ್ ಯಾರನ್ನೂ ಮುಟ್ಟಲಿಲ್ಲ, ಬೈಯಲಿಲ್ಲ. ರಸ್ತೆಯಾಚೆ ಹಿಮದಲ್ಲಿ ಮಂಡಿಯೂರಿ ಮೂರನೆಯ ಮಹಡಿ ನೋಡುತ್ತಾ ಕೂತ. ಪೊಲೀಸರು ಬಂದು ಎಬ್ಬಿಸಿದರೆ ಬಗ್ಗಿ ನಮಸ್ಕರಿಸಿ ಹೋಗುತ್ತಿದ್ದ, ಅವರು ಹೋದ ಮೇಲೆ ಮತ್ತೆ ಬರುತ್ತಿದ್ದ. ಕೋರ್ಟಿನ ತಾರೀಕು ಇನ್ನೂ ಮುಂದಿತ್ತು. ಆ ಮನೆಯಲ್ಲಿ ಅಡಗಿದ್ದ ಬೇರೆ ಹೆಂಗಸರು ಕಿಟಕಿ ಪರದೆ ಸರಿಸಲೂ ಹೆದರಿದರು. ಒಬ್ಬಳು ಮಕ್ಕಳನ್ನು ಶಾಲೆಗೆ ಕಳಿಸುವುದನ್ನೇ ಬಿಟ್ಟಳು.

ಬುಧವಾರ ಹೇರಾನ್ ಫೋನ್ ಮಾಡಿದಳು. "ಅಮ್ಮ, ಅವನಿಗೆ ಹೇಗೆ ಗೊತ್ತಾಯ್ತು?"

ಬೊಕ್‌ಹಿ ಹೇಳಿದಳು. ಬೆಂಚು, ಕೈ, ಪಿಯಾನೊ, ಎಲ್ಲ.

 ಆಮೇಲೆ ಹೇರಾನ್, "ದೂರದ ಬೇರೆ ರಾಜ್ಯಕ್ಕೆ ಕಳಿಸ್ತೀನಿ ಅಂತಾಳೆ ಗಯೊನ್. ಅಲ್ಲಿ ಯಾರೂ ಇರಲ್ಲ ನಂಗೆ. ನಿಂಗೆ ಫೋನೂ ಮಾಡ್ಬಾರ್ದಂತೆ" ಎಂದಳು.

"ಹೋಗು ಕಣೆ. ಫೋನ್ ಬೇಡ, ಏನೂ ಬೇಡ, ಹೋಗು."

"ಸಾಕಾಗಿದೆ ಅಮ್ಮ. ಎಲ್ಲಿಗೆ ಹೋದ್ರೂ ನೀನು ಪ್ರಾರ್ಥನೆ ಮಾಡ್ತೀಯಲ್ಲ."

ಅದನ್ನು ಅವಳು ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟು ಮಾಡಿದ್ದರೆ ಬೊಕ್‌ಹಿ ಹೇಗೋ ತಡೆದುಕೊಳ್ಳುತ್ತಿದ್ದಳು. ಸಂಜೆಯೊಳಗೆ ಹೇರಾನ್ ಮಗಳ ಕೈ ಹಿಡಿದು ಕೆಳಗಿಳಿದು, ರಸ್ತೆ ದಾಟಿ, ವ್ಯಾನು ಹತ್ತಿದಳು.

ಫೆಬ್ರವರಿಯ ಒಂದು ಶುಕ್ರವಾರ ಟೇಗೊನ್ ಮನೆಯವರು ಸಭೆಗೆಲ್ಲ ಅಕ್ಕಿಯ ಸಿಹಿ ಹಂಚಿದರು. ಪ್ರಾರ್ಥನೆಗೆ ಉತ್ತರ ಸಿಕ್ಕಿದ ಕುಟುಂಬದ ಕೃತಜ್ಞತೆ ಎಂದು ಪಾಸ್ಟರು ಪೀಠದಿಂದ ಹೇಳಿದರು. ಟೇಗೊನ್ ಒಂಟಿಯಾಗಿ ಹಾಡಿದ, ಹೆಂಗಸರು ಕಣ್ಣೊರೆಸಿಕೊಂಡರು. ಹೇರಾನ್ ಎರಡನೆಯ ಸಾಲಿನಲ್ಲಿ ಕುತ್ತಿಗೆಗೆ ಬಟ್ಟೆ ಸುತ್ತಿಕೊಂಡು ಕೂತಿದ್ದಳು. ಸಿಹಿ ತಟ್ಟೆ ಬಂದಾಗ ಪಿಲ್‌ಡೊ ಒಂದು ತುಂಡು ಬಾಯಿಗಿಟ್ಟ. ಮಗಳು ತನ್ನ ಪಾಲನ್ನು ಉಗುರಿನಲ್ಲಿ ಚೂರು ಚೂರು ಮಾಡಿ, ಬಾಯಿ ತೆರೆಯಲಾಗದೆ ತುಟಿ ಸಂದಿಯಿಂದ ತೂರಿಸುವುದನ್ನು ನೋಡಿದ. ಕೈಯಲ್ಲಿ ಉಗುಳಿಕೊಂಡು ಎದ್ದು ಹೊರಗೆ ಹೋಗಿ ಕಾರುಗಳ ನಡುವೆ ನಿಂತ.

ಬೊಕ್‌ಹಿ ನೆಲಮಾಳಿಗೆಗೆ ಇಳಿದು ತಟ್ಟೆ ತೊಳೆಯಲು ನಿಂತಳು. ನಾರೆ ಹಿಂದೆಯೇ ಬಂದಳು. ಟವಲು ತೆಗೆದುಕೊಂಡು, ತಟ್ಟೆಯನ್ನು ಮೇಜಿನ ಮೇಲೆ ಇಟ್ಟು ಒರೆಸತೊಡಗಿದಳು.

"ಅಜ್ಜಿ, ಡೋನಟ್ ವಿಷ್ಯ ನಾನು ನಿಂಗೊಬ್ಬಳಿಗೇ ಹೇಳಿದ್ದು."

"ಹೂಂ ಮಗೂ."

"ನೀನು ಯಾರಿಗೆ ಹೇಳ್ದೆ?"

"ಯಾರ್ಗೂ ಇಲ್ಲ. ದೇವ್ರಿಗೊಬ್ಬನಿಗೇ."

ನಾರೆ ಒರೆಸುವುದನ್ನು ನಿಲ್ಲಿಸಿ ಯೋಚಿಸಿದಳು. "ಹಾಗಾದ್ರೆ ಅಪ್ಪಂಗೆ ದೇವ್ರೇ ಹೇಳಿದ್ನಾ?"

ಬೊಕ್‌ಹಿ ನಲ್ಲಿ ನಿಲ್ಲಿಸಿದಳು. "ಇಲ್ಲ ಕಂದ. ನಾನೇ. ನಾನೇ ಜೋರಾಗಿ ಹೇಳ್ಬಿಟ್ಟೆ."

"ಓ." ಮಗು ತಲೆಯಾಡಿಸಿತು, ನಾಳೆ ಶಾಲೆಗೆ ಬಣ್ಣದ ಪೆನ್ಸಿಲ್ ತರಬೇಕು ಎಂದಾಗ ಆಡಿಸುವಷ್ಟೇ ಸಹಜವಾಗಿ. "ಹಾಗಾದ್ರೆ ಇನ್ಮೇಲೆ ನಿಂಗೆ ಏನೂ ಹೇಳ್ಬಾರ್ದು."

ಮೇಲೆ ಪಿಯಾನೊ ಶುರುವಾಯಿತು. ಮೂರು ಸಲ ಕೂಗು ಕೇಳಿತು, ಆಮೇಲೆ ತಲೆಯ ಮೇಲಿನ ನೆಲ ನೂರು ದನಿಗಳಿಂದ ಅದುರತೊಡಗಿತು. ಬೊಕ್‌ಹಿ ತೊಳೆದ ತಟ್ಟೆ ಚಾಚಿದಳು. ನಾರೆ ಅದನ್ನು ಬಲಗೈಯಲ್ಲಿ ತೆಗೆದುಕೊಂಡು, ಮೇಜಿನ ಮೇಲೆ ಇಟ್ಟು, ಅದೇ ಕೈಯಲ್ಲಿ ಟವಲು ಎತ್ತಿಕೊಂಡಳು.

"ಇನ್ನೊಂದು ಕೈ ಎಲ್ಲಿ?"

"ಜೇಬಲ್ಲಿ."

"ತೋರ್ಸು ಮಗೂ."

"ಏನಿಲ್ಲ ಅಜ್ಜಿ. ಚಳಿ" ಎಂದಳು ನಾರೆ. ಒಲೆಯ ಮೇಲೆ ಇಡೀ ಚರ್ಚಿನ ಸಾರು ಕುದಿಯುತ್ತಿತ್ತು, ಸೆಕೆಗೆ ಅವಳ ಹಣೆ ಬೆವರಿತ್ತು.